ರೊಟ್ಟಿ ತಟ್ಟದ ದೇಶ

ನಾನು ಮೂರು ಸಲ ವಿದೇಶಕ್ಕೆ ಹೋಗಿ ಬಂದಿದ್ದೇನೆ. ಪಾಸ್‌ಪೋರ್ಟ್ ಇಲ್ಲ, ವಿಮಾನ ಹತ್ತಿಲ್ಲ. ಟಿಬೆಟ್ಟು, ಪೋರ್ಚುಗಲ್ಲು, ಅಮೆರಿಕ, ಮೂರನ್ನೂ ಟೆಂಪೋ ಟ್ರಾವೆಲರ್‌ನಲ್ಲೇ ಮುಗಿಸಿದೆ. ಈ ಕರ್ಮಕ್ಕೆಲ್ಲ ಕಾರಣ ಆರ್‌ಪಿಸಿ ಲೇಔಟಿನಲ್ಲಿ ನಮ್ಮ ಪಕ್ಕದ ಮನೆಯವರಾದ ಗಂಗಾಧರಯ್ಯನವರು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಂಗಡಿಗಳ ತಕ್ಕಡಿ ನೋಡಿ ನೋಡಿ, ಜಗತ್ತಿನ ಯಾವ ವಸ್ತುವಿಗಾದರೂ ಅದರ ಸರಿಸಮನಾದದ್ದು ಇನ್ನೊಂದು ಕಡೆ ಇದ್ದೇ ಇರುತ್ತದೆ ಎಂಬ ನಂಬಿಕೆ ಅವರಿಗೆ ಬಂದುಬಿಟ್ಟಿದೆ.

"ಸ್ವಿಟ್ಜರ್ಲೆಂಡ್ ಅಂದ್ರೆ ಏನ್ರೀ ಸೇತುರಾಮ್? ಹುಲ್ಲು, ಮರ, ಚಳಿ. ಹಿಮಾಚಲದ ಖಜ್ಜಿಯಾರ್‌ನಲ್ಲೂ ಅದೇ ಇರೋದು. ಇನ್ನು ಅಷ್ಟು ದೂರ ಯಾಕ್ ಹೋಗ್ಬೇಕು?" ಎಂದು ಪಾರ್ಕಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು. ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಹೀಗೆ ಉತ್ತರ ಹೊಳೆಯದವರೆಲ್ಲ ಸೇರಿ ಅವರ ಟೂರಿಗೆ ಹೊರಡುತ್ತಿದ್ದೆವು.

ಬರೀ ಹೋಗಿ ನೋಡಿ ಬರುವುದಾಗಿದ್ದರೆ ಸಹಿಸಬಹುದಿತ್ತು. ಗಂಗಾಧರಯ್ಯನವರ ವಿದೇಶಕ್ಕೆ ಕಾನೂನುಗಳಿದ್ದವು. ಮೊದಲನೆಯದು, ಗಾಡಿ ಹತ್ತುವ ಮುಂಚೆಯೇ ಎಲ್ಲರೂ ಕೈಗಡಿಯಾರವನ್ನು ಆ ದೇಶದ ಸಮಯಕ್ಕೆ ತಿರುಗಿಸಿಕೊಳ್ಳಬೇಕು. ಆಂಧ್ರದ ಗಂಡಿಕೋಟದ ದೊಡ್ಡ ಕಮರಿಯ ಅಂಚಿನಲ್ಲಿ, ಅಂದರೆ ಅಮೆರಿಕದಲ್ಲಿ, ನೆತ್ತಿ ಸುಡುವ ಮಧ್ಯಾಹ್ನ ನಮಗೆಲ್ಲ ಗುಡ್ ನೈಟ್ ಹೇಳಿ ಬಂಡೆಯ ಮೇಲೆ ಮಲಗಿಸಿದ್ದರು. ಕಣ್ಣು ಬಿಟ್ಟವರಿಗೆ ಬೈಗುಳ ಬೇರೆ. ಎರಡನೆಯದು, ವಿದೇಶದಲ್ಲಿ ಪರಿಚಯದವರು ಸಿಕ್ಕರೂ ಗುರುತು ಹಿಡಿಯಬಾರದು. ಬೈಲುಕುಪ್ಪೆಯ ಟಿಬೆಟ್ಟಿನಲ್ಲಿ ನನ್ನ ಸ್ವಂತ ಭಾಮೈದ ಎದುರಿಗೆ ಬಂದು "ಏನ್ ಭಾವ, ಇಲ್ಲಿ?" ಎಂದಾಗ ನಾನು ಆಕಾಶ ನೋಡುತ್ತ ನಿಲ್ಲಬೇಕಾಯಿತು. ಅವನು ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ.

ಮೂರನೆಯದು ಬುತ್ತಿ. ಅವರ ಕಡೆ, ದಾವಣಗೆರೆಯಲ್ಲಿ, ಪ್ರಯಾಣ ಹೊರಟವರಿಗೆ ಬುತ್ತಿ ಕಟ್ಟದೆ ಕಳಿಸುವುದೇ ಇಲ್ಲವಂತೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಮೊಸರು ಬುತ್ತಿ. ಇಡೀ ಟೂರಿನ ಹದಿನೈದು ಜನಕ್ಕೂ ಅದನ್ನು ಕಟ್ಟುತ್ತಿದ್ದವರು ಅವರ ಹೆಂಡತಿ ಜಗದಾಂಬಾ. ಹೊರಡುವ ಹಿಂದಿನ ಎರಡು ದಿನ ಅವರ ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ನಮ್ಮ ಮನೆಗೆ ಬಿಡದೆ ಕೇಳುತ್ತಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಆಕೆ ಗೇಟಿನ ಹತ್ತಿರ ನಿಂತು ಕೈ ಬೀಸುತ್ತಿದ್ದರು. ಒಂದು ದೇಶಕ್ಕೂ ಆಕೆ ಬಂದವರಲ್ಲ.

ಮದುವೆಯಾದ ಹೊಸದರಲ್ಲಿ ಗಂಗಾಧರಯ್ಯನವರು ಹೆಂಡತಿಗೆ ಮಾತು ಕೊಟ್ಟಿದ್ದರಂತೆ, "ಒಂದಲ್ಲ ಒಂದು ದಿನ ನಿನಗೆ ಫಾರಿನ್ ತೋರಿಸ್ತೀನಿ" ಎಂದು. ಆ ಮಾತು ಅವರನ್ನು ಕೊರೆಯುತ್ತಿತ್ತು. ಮೊನ್ನೆ ಮಾಘದಲ್ಲಿ ಪಾರ್ಕಿಗೆ ಬಂದವರು ಒಂದೇ ಸಮನೆ ಬೀಗುತ್ತಿದ್ದರು. "ಡೆನ್ಮಾರ್ಕ್ ಫಿಕ್ಸ್ ಮಾಡಿದೀನಿ! ತಮಿಳುನಾಡಿನ ತರಂಗಂಬಾಡಿ. ಡೆನ್ಮಾರ್ಕಿನವರು ಕಟ್ಟಿದ ಕೋಟೆ, ಮುಂದೇನೇ ಸಮುದ್ರ. ಈ ಸಲ ಜಗದಾಂಬಾನೂ ಬರ್ತಾಳೆ" ಎಂದರು. ನನಗೂ ನಿಜವಾಗಿ ಖುಷಿಯಾಯಿತು.

ಹೊರಡುವ ದಿನ ಬೆಳಿಗ್ಗೆ ಗಾಡಿಯ ಮುಂದೆ ಫ್ಲೆಕ್ಸ್ ಕಟ್ಟಿತ್ತು. ವಿಮಾನದ ಚಿತ್ರ, ಅದರ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಜಗದಾಂಬಾ, ಕೆಳಗೆ 'ಡೆನ್ಮಾರ್ಕ್ ಪ್ರವಾಸ ಸುಖಕರವಾಗಲಿ'. ಡ್ರೈವರ್ ಗಿರಿರಾಜ್ ಚಕ್ರದಡಿ ನಿಂಬೆಹಣ್ಣು ಇಟ್ಟ. ಎಲ್ಲರೂ ಗಡಿಯಾರ ಹಿಂದಕ್ಕೆ ತಿರುಗಿಸಿಕೊಂಡರು. ಆಮೇಲೆ ಗಂಗಾಧರಯ್ಯನವರು ಒಳಗಿನಿಂದ ಒಂದು ಗ್ಯಾಸ್ ಸ್ಟವ್, ಪುಟ್ಟ ಸಿಲಿಂಡರ್, ರೊಟ್ಟಿ ಹಂಚು, ಒಂದು ಮೂಟೆ ಜೋಳದ ಹಿಟ್ಟು ತಂದು ಡಿಕ್ಕಿಗೆ ಹಾಕಿಸಿದರು.

"ಇಷ್ಟು ದಿನ ನಿಮಗೆಲ್ಲ ಆರಿದ ಬುತ್ತಿ ತಿನ್ನಿಸಿಬಿಟ್ಟೆ. ಈ ಸಲ ಆಕೇನೇ ಬರ್ತಾ ಇರೋದ್ರಿಂದ ಡೆನ್ಮಾರ್ಕಲ್ಲಿ ಮೂರು ಹೊತ್ತೂ ಬಿಸಿ ಬಿಸಿ ರೊಟ್ಟಿ!" ಎಂದು ಘೋಷಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗೇಟಿನ ಬಳಿ ಹೂ ಮುಡಿದು ನಿಂತಿದ್ದ ಜಗದಾಂಬಾ ಆ ಹಂಚನ್ನು ಸ್ವಲ್ಪ ಹೊತ್ತು ನೋಡಿದರು. "ಕನ್ನಡಕ ಮರೆತೆ, ಬಂದೆ" ಎಂದು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಹಿತ್ತಲ ಬಾಗಿಲು ತೆರೆದಿತ್ತು. ಕನ್ನಡಕ ಟೀವಿಯ ಮೇಲೇ ಇತ್ತು. ಫೋನೂ ಅಲ್ಲೇ ಇತ್ತು.

ಗಂಗಾಧರಯ್ಯನವರು ಬೆವೆತುಹೋದರು. ಗಾಡಿಯೊಳಗಿದ್ದವರು ಡೆನ್ಮಾರ್ಕಿನಲ್ಲಿ ಇನ್ನೂ ಬೆಳಕಾಗಿಲ್ಲ ಎಂದು ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದರು. ನನ್ನ ಹೆಂಡತಿ ಲಕ್ಷ್ಮಿ ಮಾತ್ರ ಕಾಂಪೌಂಡಿನ ಆಚೆ ಏನೂ ಆಗಿಲ್ಲ ಅನ್ನುವ ಹಾಗೆ ಬಟ್ಟೆ ಒಣಗಿಸುತ್ತಿದ್ದಳು. ಅವಳು ಅಷ್ಟು ಶಾಂತವಾಗಿದ್ದಾಳೆ ಅಂದರೆ ಎಲ್ಲ ಗೊತ್ತಿದೆ ಅಂತಲೇ ಅರ್ಥ.

"ಎಲ್ಲಿಗೆ ಹೋದ್ರೇ ಅವರು?" ಎಂದು ಗದರಿದೆ.

"ಫಾರಿನ್‌ಗೆ" ಎಂದಳು. "ನೀವೆಲ್ಲ ಟೂರಿಗೆ ಹೋದಾಗಲೆಲ್ಲ ಅವರೂ ಹೋಗ್ತಾರೆ. ಕೆಂಗೇರಿ ಉಪನಗರ. ಅಲ್ಲೊಂದು ದರ್ಶಿನಿ ಇದೆ. ಆಧಾರ್ ತೋರಿಸಿದ್ರೆ ಬಸ್ಸು ಫ್ರೀ. ಅದೇ ಅವರ ಪಾಸ್‌ಪೋರ್ಟು."

"ಕೆಂಗೇರೀಲಿ ಏನಿದೆ?" ಎಂದರು ಗಂಗಾಧರಯ್ಯ. ತಕ್ಕಡಿಯ ಇನ್ನೊಂದು ತಟ್ಟೆಗೆ ಯಾವ ದೇಶ ಇಡಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗಿದ್ದರು.

"ಅದನ್ನ ನೀವೇ ಹೋಗಿ ನೋಡಿ ಸಾರ್" ಎಂದು ಲಕ್ಷ್ಮಿ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ನಾವಿಬ್ಬರೂ ಆಟೋದಲ್ಲಿ ಹೊರಟೆವು. ಮೈಸೂರು ರಸ್ತೆಯುದ್ದಕ್ಕೂ ಅವರು ಒಂದೇ ಮಾತು ಹೇಳುತ್ತಿದ್ದರು. "ನಾನೇನ್ರೀ ಕಡಿಮೆ ಮಾಡಿದೆ ಅವಳಿಗೆ? ಡೆನ್ಮಾರ್ಕಿಗೇ ಕರ್ಕೊಂಡು ಹೊರಟಿದ್ನಲ್ರೀ!" ನನಗೆ ಸಿಟ್ಟು ಬಂತು. "ಹಂಚು ಕೊಟ್ಟು ಕರ್ಕೊಂಡು ಹೊರಟಿದ್ರಿ" ಎಂದುಬಿಟ್ಟೆ.

ದರ್ಶಿನಿಯಲ್ಲಿ ಗೋಡೆಯ ಪಕ್ಕ ಹಾಕಿದ್ದ ನಾಲ್ಕೈದು ಕುರ್ಚಿಗಳಲ್ಲೊಂದರಲ್ಲಿ ಜಗದಾಂಬಾ ಕೂತಿದ್ದರು. ಮುಂದೆ ಮಸಾಲೆ ದೋಸೆ. ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು, ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅವತ್ತೇ. ನಮ್ಮನ್ನು ಕಂಡದ್ದೇ ಕಾಲು ಕೆಳಗಿಳಿಯಿತು. ಮುಖ ಇಷ್ಟೇ ಇಷ್ಟಾಯಿತು. ಇಲ್ಲಿಗೆ ಮುಗಿಯಿತು, ಈ ಜಾಗವೂ ಇನ್ನು ಮನೆಯೇ ಆಯಿತು ಎಂಬ ಸಂಕಟ ಆ ಮುಖದಲ್ಲಿತ್ತು.

ಅತ್ತ ನುಗ್ಗಲು ಹೊರಟ ಗಂಗಾಧರಯ್ಯನವರನ್ನು ಕ್ಯಾಷಿಯರ್ ತಡೆದ. "ಟೋಕನ್ ತಗೊಳ್ಳಿ ಸಾರ್ ಮೊದ್ಲು." ಇವರು ಆಕೆಯನ್ನೇ ನೋಡುತ್ತಿದ್ದುದನ್ನು ಗಮನಿಸಿ ದನಿ ತಗ್ಗಿಸಿದ. "ಆ ಅಮ್ಮ ಆಗಾಗ ಬರ್ತಾರೆ ಸಾರ್. ಪಾಪ, ಅವರಿಗೆ ಅಡುಗೆನೇ ಬರಲ್ವಂತೆ. ಒಂದು ಟೀ ಮಾಡೋಕೂ ಗೊತ್ತಿಲ್ಲ ಅಂದ್ರು."

ಗಂಗಾಧರಯ್ಯನವರು ಬಾಯಿ ತೆರೆದರು. ಹದಿನೈದು ಜನರ ಬುತ್ತಿ, ಮೂಟೆ ಹಿಟ್ಟು, ಎಲ್ಲವೂ ಆ ಬಾಯಿಯ ತನಕ ಬಂದು ನಿಂತಿದ್ದವು. ಜಗದಾಂಬಾ ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದರು.

"ಹೌದಾ?" ಎಂದರು ಗಂಗಾಧರಯ್ಯ ಕೊನೆಗೆ. "ಇರುತ್ತಪ್ಪ. ಎಲ್ಲರಿಗೂ ಬರಬೇಕು ಅಂತೇನಿಲ್ವಲ್ಲ. ನಂಗೂ ಒಂದು ಮಸಾಲೆ ಕೊಡು."

ತಟ್ಟೆ ಹಿಡಿದುಕೊಂಡು ಹೋಗಿ, ಆಕೆಯ ಪಕ್ಕದ ಕುರ್ಚಿಯ ಹತ್ತಿರ ನಿಂತರು. "ಇಲ್ಲಿ ಕೂತ್ಕೋಬಹುದಾ ಅಮ್ಮ?"

ಆಕೆ ತಲೆ ಎತ್ತಿದರು. ಗಂಡನ ಮುಖವನ್ನು ಚೆನ್ನಾಗಿ ನೋಡಿದರು. "ಕೂತ್ಕೊಳ್ಳಿ. ಯಾವ ಕಡೆಯವರು?"

"ಅತ್ತಿಗುಪ್ಪೆ ಹತ್ತಿರ, ಆರ್‌ಪಿಸಿ ಲೇಔಟು."

"ಹೆಸರು ಕೇಳಿದೀನಿ" ಎಂದರು ಜಗದಾಂಬಾ. "ಅಲ್ಲಿ ಊಟ ತಿಂಡಿ ಎಲ್ಲ ಹೇಗೆ?"

"ತುಂಬಾ ಚೆನ್ನಾಗಿರುತ್ತೆ. ಮಾಡೋರಿಗೆ ಸಾಕಾಗಿಹೋಗಿದೆ ಅಂತ ಇವತ್ತು ಗೊತ್ತಾಯ್ತು."

ಆಕೆ ಕಾಲ ಮೇಲೆ ಮತ್ತೆ ಕಾಲು ಹಾಕಿಕೊಂಡರು.

ನಾನು ಸುಮ್ಮನೆ ಹೊರಗೆ ಬಂದು ಗಿರಿರಾಜನಿಗೆ ಫೋನ್ ಮಾಡಿ, ಸ್ಟವ್ವನ್ನೂ ಹಂಚನ್ನೂ ಹಿಟ್ಟಿನ ಮೂಟೆಯನ್ನೂ ಗಾಡಿಯಿಂದ ಇಳಿಸಲು ಹೇಳಿದೆ. ಟೂರ್ ಹೊರಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದ. ಒಳಗೆ ತಿರುಗಿ ನೋಡಿದೆ. ಗಂಗಾಧರಯ್ಯನವರು ಕೈಗಡಿಯಾರವನ್ನು ಬಿಚ್ಚಿ, ಆಕೆ ಹೇಳಿದ ಸಮಯಕ್ಕೆ ಅದರ ಮುಳ್ಳು ತಿರುಗಿಸುತ್ತಿದ್ದರು.

"ಡೆನ್ಮಾರ್ಕ್‌ಗೆ ನೀವು ಹೊರಡ್ರಪ್ಪ" ಎಂದೆ. "ಸಾರ್ ಬೇರೆ ದೇಶದಲ್ಲಿದಾರೆ."