ನಿದ್ದೆ ಹೋಗದ ಉಪ್ಪು

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಡುವೆ ಬಾಯಿ ಹಾಕಿ ಕೆಡಿಸುವವನು ನಾನೇ ಆಗಿದ್ದೆ. ಧಾರವಾಡದಲ್ಲಿ ನಮ್ಮ ದೊಡ್ಡಪ್ಪ ತಾನಾಗಿಯೇ ತೂಗಿದ ತೊಟ್ಟಿಲೊಂದರ ವಿಷಯ ಹೇಳಿದಾಗ, ಕಿಟಕಿ ಯಾವ ದಿಕ್ಕಿಗಿತ್ತು, ಗಾಳಿ ಎಷ್ಟಿತ್ತು ಎಂದೆಲ್ಲ ಕೇಳಿದ್ದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನೀಗಿರುವ ಬಂಗಾಳಿ ಮಹಾನಗರದಲ್ಲಿ, ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಚೇರಿಗಳ ಸಂದಿಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯವಿದೆ. ಬಿಸಿಲಿನ ಶಾಖವನ್ನು ಕೂಡಿಡುವ ಬಗೆ ಹುಡುಕುವುದು ಅಲ್ಲಿ ನಮ್ಮ ಕೆಲಸ. ಮರುಭೂಮಿಯ ಸೌರ ಸ್ಥಾವರಗಳಲ್ಲಿ ಕನ್ನಡಿಗಳು ಬಿಸಿಲನ್ನು ಒಂದೆಡೆಗೆ ಎಸೆಯುತ್ತವೆ. ಕರಗಿ ನೀರಾದ ಉಪ್ಪನ್ನು ಆ ಶಾಖದಲ್ಲಿ ಕಾಯಿಸಿ ದೊಡ್ಡ ಟ್ಯಾಂಕಿನಲ್ಲಿ ತುಂಬಿಟ್ಟರೆ, ಸೂರ್ಯ ಮುಳುಗಿದ ಮೇಲೂ ಅದರಿಂದ ಉಗಿ ಎಬ್ಬಿಸಿ ವಿದ್ಯುತ್ ತೆಗೆಯಬಹುದು. ಅದು ಅಡುಗೆ ಉಪ್ಪಲ್ಲ, ಎರಡು ನೈಟ್ರೇಟ್‌ಗಳ ಮಿಶ್ರಣ. ಕರಗಿದಾಗ ನೋಡಲು ತಿಳಿನೀರೇ. ಆದರೆ ಅದಕ್ಕೊಂದು ಹಟ: ಬಿಸಿ ಇನ್ನೂರ ನಲವತ್ತು ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿಯಾಗತೊಡಗುತ್ತದೆ. ಟ್ಯಾಂಕಿನಲ್ಲಿರುವಷ್ಟು ಉಪ್ಪು ದಿನಗಟ್ಟಲೆ ಬಿಸಿ ಹಿಡಿದಿರುತ್ತದೆ. ಸಣ್ಣ ಪೈಪಿನಲ್ಲಿರುವುದು ಮೂರು ಗಂಟೆಯೂ ತಡೆಯುವುದಿಲ್ಲ. ಅದಕ್ಕೇ ನಮ್ಮ ಪ್ರಯೋಗಾಲಯದ ಸಣ್ಣ ಮಾದರಿಯಲ್ಲಿ ಪೈಪುಗಳಿಗೆ ವಿದ್ಯುತ್ತಿನಿಂದ ಕಾಯುವ ತಂತಿ ಸುತ್ತಿರುತ್ತೇವೆ. ಆ ವಿದ್ಯುತ್ ನಿಲ್ಲಿಸುವ ಮುಂಚೆ ಕೆಳಗಿನ ವಾಲ್ವ್ ತೆರೆದು ಪೈಪಿನ ಉಪ್ಪನ್ನೆಲ್ಲ ಟ್ಯಾಂಕಿಗೆ ಇಳಿಸಲೇಬೇಕು. ಮರೆತರೆ ಒಳಗೆ ಕಲ್ಲು. ಆಮೇಲೆ ಪೈಪು ಕತ್ತರಿಸದೆ ಬೇರೆ ದಾರಿಯಿಲ್ಲ.

ಉಪ್ಪು ಗಟ್ಟಿಯಾಗುವುದಕ್ಕೆ ನಮ್ಮಲ್ಲಿ 'ನಿದ್ದೆ ಹೋಯಿತು' ಎನ್ನುತ್ತಾರೆ. ಅದು ಬಿಮಲ್‌ದಾ ತಂದ ಮಾತು. ಬಿಮಲ್‌ದಾ, ಅಂದರೆ ಬಿಮಲಣ್ಣ, ನಮ್ಮ ಟೆಕ್ನಿಷಿಯನ್, ಆಗ ಐವತ್ತೈದರ ಆಸುಪಾಸು. ಮುಚ್ಚಿಹೋದ ಸೆಣಬಿನ ಗಿರಣಿಯೊಂದರ ಬಾಯ್ಲರ್ ನೋಡಿಕೊಂಡಿದ್ದವರು. ನಮ್ಮಲ್ಲಿ ಅವರದು ವರ್ಷ ವರ್ಷದ ಗುತ್ತಿಗೆ. ಹಿಂದಿನ ವರ್ಷ ಪೈಪಿನಲ್ಲಿ ಉಪ್ಪು ನಿದ್ದೆ ಹೋಗಲು ಬಿಟ್ಟಿದ್ದಕ್ಕೆ ಇನ್ನೊಬ್ಬ ಗುತ್ತಿಗೆಯವನನ್ನು ಒಂದೇ ದಿನದಲ್ಲಿ ಮನೆಗೆ ಕಳಿಸಿದ್ದರು.

ವಿಶ್ವಕರ್ಮ ಪೂಜೆಯ ಮುನ್ನಾದಿನದ ಸಂಜೆ ಬಿಮಲ್‌ದಾ ರಜೆಗೆ ಮುಂಚೆ ಮುಗಿಸಬೇಕಾದ ಕೆಲಸಗಳ ಪಟ್ಟಿ ಹಿಡಿದು ಬಂದು, "ಸ್ಯಾರ್, ವಾಲ್ವ್ ಬಿಟ್ಟುಬಿಡ್ಲಾ?" ಎಂದರು. ನನಗೆ ಇನ್ನೊಂದು ರೀಡಿಂಗ್ ಬೇಕಿತ್ತು. "ನಾನೇ ಬಿಡ್ತೀನಿ, ನೀವು ಟಿಕ್ ಹಾಕಿ ಹೋಗಿ, ಪೂಜೆ ಸಾಮಾನು ತರೋದಿದೆಯಲ್ಲ" ಎಂದೆ. ಅವರು ನನ್ನ ಮಾತು ನಂಬಿ ಟಿಕ್ ಹಾಕಿ, ಸಹಿ ಮಾಡಿ ಹೋದರು. ನಾನು ರೀಡಿಂಗ್ ತೆಗೆದುಕೊಂಡೆ. ಅಷ್ಟರಲ್ಲಿ ಕಚೇರಿಯ ಕ್ಯಾಬ್ ಚಾಲಕ ಎರಡು ಸಲ ಫೋನ್ ಮಾಡಿದ. ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಹೆಂಡತಿ, ಮಗಳನ್ನು ಕರೆದುಕೊಂಡು ಪೂಜೆಗೆ ಹೋದೆ. ಆ ದಿನ ಇಲ್ಲಿ ಯಾವ ಯಂತ್ರವನ್ನೂ ನಡೆಸುವುದಿಲ್ಲ. ಎಲೆಕ್ಟ್ರಿಷಿಯನ್ ಒಂಬತ್ತು ಗಂಟೆಗೇ ಮೇನ್ ಸ್ವಿಚ್ ಇಳಿಸಿ ಅದಕ್ಕೆ ಚೆಂಡುಹೂವಿನ ಹಾರ ಹಾಕಿದ್ದ. ಬಿಮಲ್‌ದಾ ಪಂಪಿಗೆ ಕುಂಕುಮವಿಟ್ಟು, ಪೈಪಿನ ತಗಡಿನ ಹೊದಿಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ, "ಬಿಶ್ರಾಮ್ ಕೊರೊ, ಘುಮಿಯೋ ನಾ" ಎಂದರು. ವಿಶ್ರಾಂತಿ ತೊಗೋ, ನಿದ್ದೆ ಹೋಗಬೇಡ ಎಂದು. ನಾನು ನಕ್ಕೆ.

"ನಗತೀರೇನು? ನಮ್ಮ ಮನ್ಯಾಗ ಆಯುಧಪೂಜಿ ದಿನಾ ಈಳಿಗಿಗೆ ಕುಂಕುಮಾ ಹಚ್ಚಿ ಕೈ ಮುಗಿಯೂದಿಲ್ಲೇನು ನೀವು?" ಎಂದಳು ಹೆಂಡತಿ.

"ಈಳಿಗಿ ಜೋಡಿ ಮಾತಾಡಂಗಿಲ್ಲಲ್ಲ ನಾ" ಎಂದೆ. ಪ್ರಸಾದ ತಿಂದು ಬಾಲಿಗಂಜ್‌ನ ಮನೆಗೆ ಬಂದೆವು.

ಆ ದಿನ ಈ ಊರಿನ ಆಕಾಶದ ತುಂಬ ಗಾಳಿಪಟ. ಊಟವಾಗಿ ನಾಲ್ಕು ಗಂಟೆಯ ಹೊತ್ತಿಗೆ ಮಗಳ ಜೊತೆ ತಾರಸಿಯಲ್ಲಿದ್ದೆ. ದಾರ ಸುತ್ತಿದ ಲಟಾಯಿಯನ್ನು ಅವಳು ನನ್ನ ಕೈಗೆ ಕೊಟ್ಟು, "ಪಪ್ಪಾ, ಢೀಲ್ ದೋ ನಾ, ಬಿಡು, ಬಿಡು!" ಎಂದು ಕೂಗಿದಳು. ನಾನು ಮಣಿಕಟ್ಟು ತಿರುಗಿಸಿದೆ. ತಿರುಗಿಸಿದೊಡನೆ ನೆನಪಾಯಿತು. ಹಿಂದಿನ ಸಂಜೆ ಈ ಕೈ ವಾಲ್ವನ್ನು ತಿರುಗಿಸಿಯೇ ಇರಲಿಲ್ಲ.

ಟ್ಯಾಕ್ಸಿ ಹಿಡಿದೆ. ಗರಿಯಾಹಾಟ್ ದಾಟುವುದರೊಳಗೆ ಲೆಕ್ಕ ಹಾಕಿಬಿಟ್ಟಿದ್ದೆ: ಒಂಬತ್ತಕ್ಕೆ ವಿದ್ಯುತ್ ಹೋಗಿದೆ, ಮಧ್ಯಾಹ್ನಕ್ಕೇ ಎಲ್ಲ ಕಲ್ಲಾಗಿದೆ. ಆಮೇಲೆ ಬಂದ ಯೋಚನೆಯನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪಟ್ಟಿಯಲ್ಲಿ ಸಹಿ ಇರುವುದು ಬಿಮಲ್‌ದಾರದು. ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಸುಮ್ಮನಿದ್ದರೆ ಸಾಕು. ಅವರಿಗೆ ಫೋನ್ ಮಾಡಲೆಂದು ಎರಡು ಸಲ ಮೊಬೈಲ್ ತೆಗೆದು ಎರಡು ಸಲವೂ ಜೇಬಿಗೆ ಹಾಕಿದೆ. ಅಷ್ಟು ಹೊತ್ತಿನಲ್ಲಿ ನಾನು ಎಂಥವನೆಂದು ನನಗೇ ಗೊತ್ತಾಗತೊಡಗಿತ್ತು, ಅದು ಹಿತವಾಗಿರಲಿಲ್ಲ.

ಕಾವಲಿನವನಿಂದ ಬೀಗದ ಕೈ ಪಡೆದು ಒಳಗೆ ಹೋದಾಗ ಐದೂವರೆ. ಬೆಳಿಗ್ಗೆ ನಾವು ಹೊರಟ ಮೇಲೆ ಬಾಗಿಲು ತೆರೆದಿಲ್ಲ ಎಂದು ಅವನೇ ಹೇಳಿದ. ಮೇನ್ ಸ್ವಿಚ್ ಕೆಳಗೇ ಇತ್ತು, ಹಾರ ಹಾಗೇ ಇತ್ತು. ಬ್ಯಾಟರಿಯ ಮೇಲೆ ನಡೆಯುವ ಮಾಪಕದ ಪರದೆ ಮಾತ್ರ ಬೆಳಗುತ್ತಿತ್ತು. ನೋಡಿದೆ. ಪೈಪಿನ ಬಿಸಿ ತೋರಿಸುವ ಗೆರೆ ಒಂಬತ್ತರಿಂದ ಇಳಿಯುತ್ತ ಬಂದು, ಇನ್ನೂರ ಐವತ್ತೊಂದಕ್ಕೆ ಮುಟ್ಟಿ, ಅಲ್ಲಿಂದ ಬಿಗಿದ ದಾರದಂತೆ ನೆಟ್ಟಗೆ ಹೋಗಿತ್ತು. ಹನ್ನೊಂದು ಗಂಟೆಯಿಂದ ಆ ಕ್ಷಣದವರೆಗೆ.

ಮಾಪಕ ಕೆಟ್ಟಿದೆ ಎಂದುಕೊಂಡೆ. ಕೈಗವಸು ಹಾಕಿ ವಾಲ್ವ್ ಹಿಡಿದೆ. ಉಪ್ಪು ಗಟ್ಟಿಯಾಗಿದ್ದರೆ ಇಬ್ಬರು ಸೇರಿದರೂ ಅದು ಅಲ್ಲಾಡುವುದಿಲ್ಲ. ಅದು ಬೆಣ್ಣೆ ಸವರಿದಂತೆ ತಿರುಗಿತು. ಮೇಲಿನಿಂದ ಉಪ್ಪು ಜುಳುಜುಳು ಸದ್ದು ಮಾಡುತ್ತ ಟ್ಯಾಂಕಿಗೆ ಇಳಿಯಿತು. ಸದ್ದು ಪೂರ್ತಿ ನಿಲ್ಲುವವರೆಗೆ ವಾಲ್ವ್ ಹಿಡಿದೇ ನಿಂತಿದ್ದೆ. ಭಯವಾಯಿತೇ ಎಂದು ಕೇಳಿದರೆ ಇಲ್ಲ. ಅಳು ಬಂದಿತು.

ಗೆರೆ ನೋಡುವವರು ನನ್ನ ಹೊರತು ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು. ಆದರೆ ಮರುದಿನ ನಮ್ಮ ಮುಖ್ಯಸ್ಥರ ಕೋಣೆಗೆ ಹೋಗಿ, ಮರೆತವನು ನಾನು, ಬಿಮಲ್‌ದಾ ನನ್ನ ಮಾತಿಗೆ ಟಿಕ್ ಹಾಕಿದ್ದು ಎಂದು ಎಲ್ಲ ಹೇಳಿಬಿಟ್ಟೆ. ಬೈಸಿಕೊಂಡೆ. ಅಂದಿನಿಂದ ವಾಲ್ವ್ ತೆರೆದವನೇ ಟಿಕ್ ಹಾಕಬೇಕೆಂದು ನಿಯಮವಾಯಿತು. ಬಿಮಲ್‌ದಾರ ಗುತ್ತಿಗೆಯೂ ಮುಂದುವರಿಯಿತು. ಉಪ್ಪಿನ ಮಾತನ್ನು ಮಾತ್ರ ಮುಖ್ಯಸ್ಥರು ನಂಬಲಿಲ್ಲ. "ನೀವು ತೆರೆದು ಮರೆತಿದ್ದೀರಿ" ಎಂದರು. ಹಾಗಿದ್ದರೆ ನಾನು ಕೇಳಿದ ಸದ್ದು ಯಾವುದರದು?

ನಾನು ಬಿಡಲಿಲ್ಲ. ಅನುಮತಿ ಪಡೆದು, ಹಳೆಯ ಪೈಪಿನ ತುಂಡಿನಲ್ಲಿ ಅದೇ ಉಪ್ಪು ತುಂಬಿ, ಅದೇ ಹೊದಿಕೆ ಸುತ್ತಿ, ಅದೇ ಹೊತ್ತಿಗೆ ವಿದ್ಯುತ್ ನಿಲ್ಲಿಸಿ ನೋಡಿದೆ. ಆರು ಸಲ. ಆರು ಸಲವೂ ಮೂರು ಗಂಟೆಯೊಳಗೆ ಕಲ್ಲು. ಮಾಪಕವನ್ನು ಬಿಚ್ಚಿ ಪರೀಕ್ಷೆ ಮಾಡಿಸಿದೆ, ಅದರಲ್ಲಿ ದೋಷವಿರಲಿಲ್ಲ. ಒಳ್ಳೆಯದೆಂದರೆ, ಆ ಹುಡುಕಾಟದಲ್ಲಿ ಹೊದಿಕೆಯ ಸಣ್ಣಪುಟ್ಟ ಲೋಪಗಳು ಸಿಕ್ಕವು. ಈಗ ನಮ್ಮ ಪೈಪು ಐದು ಗಂಟೆ ಎಚ್ಚರವಿರುತ್ತದೆ. ಎಂಟೂವರೆ ಗಂಟೆ ಇನ್ನೂ ಆಗಿಲ್ಲ.

ಬಿಮಲ್‌ದಾ ಈಗ ಕೆಲಸ ಬಿಟ್ಟಿದ್ದಾರೆ. ಆದರೂ ಪ್ರತಿ ಪೂಜೆಗೆ ಸೋನಾರ್‌ಪುರದಿಂದ ಲೋಕಲ್ ರೈಲಿನಲ್ಲಿ ಮನೆಯ ಖಿಚುಡಿ ತರುತ್ತಾರೆ. ಕಳೆದ ಸಲ ಕೊನೆಗೂ ಕೇಳಿಬಿಟ್ಟೆ: "ಅವತ್ತು ನೀವು ಹೇಳಿದ್ದನ್ನ ಅದು ಕೇಳಿತಾ ಬಿಮಲ್‌ದಾ? ಯಾಕೆ ನಿದ್ದೆ ಹೋಗಲಿಲ್ಲ?"

ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದರು: "ನನಗೇನು ಗೊತ್ತು ಸ್ಯಾರ್? ಉಪ್ಪು ಕರಗೇ ಇತ್ತು, ನೀವು ಸುಮ್ಮನಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೂ ನೀವು ಹೋಗಿ ಹೇಳಿದಿರಿ. ಯಾಕೆ ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ?"

ಖಿಚುಡಿ ಇನ್ನೂ ಬಿಸಿಯಾಗಿತ್ತು. ಇಬ್ಬರೂ ಕೂತು ತಿಂದೆವು.