ಹುನಗುಂದದಲ್ಲಿ ಬಸ್ಸು ನಿಲ್ಲುವ ಹೊತ್ತು

ಎಂಬತ್ತರ ದಶಕದ ಮೊದಲಲ್ಲಿ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಜನ ಯಾವ ಬಸ್ಸು ಹತ್ತುತ್ತಾರೆ ಎಂಬುದನ್ನು ಸೂತ್ರದಲ್ಲಿ ಹಿಡಿಯುವ ಹುಚ್ಚು ನನಗೆ ಹತ್ತಿತ್ತು. ಸೂತ್ರ ಸರಳ. ಕಾಯುವ ಹೊತ್ತು, ದಾರಿಯ ಹೊತ್ತು, ಟಿಕೆಟ್ಟಿನ ದರ ಮೂರೂ ಪ್ರಯಾಣಿಕನಿಗೆ ಹೊರೆ. ಎಲ್ಲಿ ಹೊರೆ ಕಡಿಮೆಯೋ ಅಲ್ಲಿ ಜನ ಹೆಚ್ಚು. ನಮ್ಮೂರು ಇಳಕಲ್ಲಿನಿಂದ ಬಾಗಲಕೋಟೆಗೆ ಬೆಳಿಗ್ಗೆ ಎರಡು ಬಸ್ಸು ಹೊರಡುತ್ತಿದ್ದವು. ಒಂದು, ಎಲ್ಲ ಕಡೆ ನಿಲ್ಲುವ ಸಾದಾ ಬಸ್ಸು. ಇನ್ನೊಂದು, ನಡುವೆ ಹುನಗುಂದದಲ್ಲೂ ನಿಲ್ಲದ ಹೊಸ ಬಸ್ಸು. ದರ ಒಂದೇ. ಹೊಸದೇ ತುಂಬುತ್ತದೆ ಎಂದು ಲೆಕ್ಕ ಹಾಕಿ ಬರೆದುಕೊಟ್ಟೆ. ನಮ್ಮ ಪ್ರೊಫೆಸರರು ಅದನ್ನು ಸಾರಿಗೆ ಕಚೇರಿಗೂ ಕಳಿಸಿದರು.

ಬಸ್ಸು ತುಂಬಲಿಲ್ಲ. ಇಳಕಲ್ಲಿನ ನಿಲ್ದಾಣಕ್ಕೆ ಹೋಗಿ ನೋಡಿದರೆ, ಸೀರೆ ಗಂಟು ಹೊತ್ತ ನೇಕಾರರು ಖಾಲಿ ಬಸ್ಸನ್ನು ದಾಟಿ ಹೋಗಿ ಸಾದಾ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಗದ್ದಲದಲ್ಲಿ ನಮ್ಮ ಅವ್ವನೂ ಇದ್ದಳು. ಮೊಣಕಾಲು ನೋವಿಗೆ ವಾರಕ್ಕೊಮ್ಮೆ ಬಾಗಲಕೋಟೆಯ ದವಾಖಾನೆಗೆ ಹೋಗುವವಳು.

"ಅದರಾಗ ಕುಂಡ್ರಾಕ ಜಾಗಾ ಐತಿ, ಲಗೂ ಮುಟ್ಟತೈತಿ. ಇದನ್ಯಾಕ ಹತ್ತತಿ?" ಎಂದು ಸಿಡುಕಿದೆ.

"ಅದು ಹುನಗುಂದದಾಗ ನಿಲ್ಲಂಗಿಲ್ಲಪಾ."

"ಹುನಗುಂದದಾಗ ನಿಂದೇನ್ ಕೆಲಸ?"

ಅವ್ವ ನನ್ನ ಮುಖವನ್ನೇ ನೋಡಿದಳು. "ನಿಮ್ಮಕ್ಕ ಬಂದಿರ್ತಾಳಲ್ಲ."

ಅಕ್ಕನನ್ನು ಹುನಗುಂದಕ್ಕೆ ಕೊಟ್ಟಿತ್ತು. ಅತ್ತೆಮನೆಯವರು ಅವಳನ್ನು ತವರಿಗೆ ಕಳಿಸುವುದು ಅಪರೂಪ. ಕರೆಯದೆ ಬೀಗರ ಮನೆಗೆ ಅವ್ವ ಹೋಗುವಂತಿರಲಿಲ್ಲ. ಬಸ್ ನಿಲ್ದಾಣದ ತನಕ ಹೋಗಿಬರಲು ಮಾತ್ರ ಅಕ್ಕನಿಗೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆ ದಿನ ನಾನೂ ಅವ್ವನ ಜೊತೆ ಸಾದಾ ಬಸ್ಸಿನಲ್ಲೇ ಹೋದೆ. ಹುನಗುಂದದಲ್ಲಿ ಡ್ರೈವರ್, ಕಂಡಕ್ಟರ್ ಇಬ್ಬರೂ ಚಹಾಕ್ಕೆ ಇಳಿದದ್ದೇ ತಡ, ಬಸ್ಸಿನ ಎರಡೂ ಬದಿಗೆ ನಮ್ಮೂರಿನಿಂದ ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು ಬಂದು ನಿಂತರು. ರೊಟ್ಟಿಯ ಗಂಟು ಕಿಟಕಿಯಿಂದ ಒಳಗೆ ಬಂದರೆ ಕುಪ್ಪಸದ ಖಣ ಹೊರಗೆ ಹೋಗುತ್ತಿತ್ತು. ಯಾರಿಗೆ ಜ್ವರ, ಯಾರಿಗೆ ಎಷ್ಟು ತಿಂಗಳು, ಎಲ್ಲ ಅಲ್ಲೇ. ಅಕ್ಕ ಅವ್ವನ ಕೈ ಹಿಡಿದವಳು ಬಸ್ಸು ಹೊರಡುವ ತನಕ ಬಿಡಲಿಲ್ಲ. ಆ ಹೊತ್ತನ್ನೇ ನಾನು ಸೂತ್ರದಲ್ಲಿ ಹೊರೆಯ ಲೆಕ್ಕಕ್ಕೆ ಸೇರಿಸಿದ್ದೆ.

ಪ್ರೊಫೆಸರರಿಗೆ ಹೇಳಿದೆ. ಅವರು ಮೈಸೂರು ಕಡೆಯವರು, ನಕ್ಕರು. "ಸರಿ ಕಣಪ್ಪ, ನಿಮ್ಮಕ್ಕನನ್ನು ಸೂತ್ರದಲ್ಲಿ ಎಲ್ಲಿ ಕೂರಿಸೋಣ? ನಿಮಿಷಕ್ಕೆ ಎಷ್ಟು ಬೆಲೆ ಕಟ್ಟೋಣ?" ನನಗೆ ಇನ್ನಷ್ಟು ಸಿಟ್ಟು ಬಂತು. ಸಾದಾ ಬಸ್ಸು ರದ್ದು ಮಾಡುತ್ತಾರಂತೆ ಎಂಬ ಸುದ್ದಿ ಕೇಳಿ ಸಾರಿಗೆ ಕಚೇರಿಗೆ ಓಡಿದರೆ ಅಲ್ಲಿಯ ಸಾಹೇಬರು ನನ್ನ ವರದಿಯನ್ನೇ ತೋರಿಸಿದರು.

"ಎರಡೆರಡು ಗಾಡಿ ಓಡಸಾಕ ಆಗಂಗಿಲ್ರಿ. ಜನಕ್ಕ ಲಗೂ ಹೋಗೂದ ಬೇಕಂತ ನೀವ ಬರದೀರಲ್ಲ?"

"ತಪ್ಪಾಗೇತ್ರಿ. ನಿಲ್ದಾಣಕ್ಕ ಬಂದು ನೋಡ್ರಿ, ಯಾವುದು ತುಂಬತೈತಿ ಅಂತ."

"ಅಭ್ಯಾಸ ಆಗತೈತಿ ಬಿಡ್ರಿ," ಎಂದು ಅವರು ಬೇರೆ ಕಡತ ತೆಗೆದರು. ಗೋಡೆಗೆ ತಲೆ ಚಚ್ಚಿಕೊಂಡಂತಾಯಿತು.

ಸಾದಾ ಬಸ್ಸು ರದ್ದಾಯಿತು. ಮುಂದಿನ ವಾರ ಅವ್ವ ಹೊಸ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು, ನಾನು ಅವಳ ಪಕ್ಕ. ಹುನಗುಂದದ ನಿಲ್ದಾಣದ ಮುಂದೆ ಅಕ್ಕ ರೊಟ್ಟಿ ಗಂಟು ಹಿಡಿದು ರಸ್ತೆಯ ಅಂಚಿಗೇ ಬಂದು ನಿಂತಿದ್ದಳು. ನಿಲ್ಲಿಸಲು ನಾನು ಕೂಗಿಕೊಂಡೆ, ಡ್ರೈವರ್ ತಿರುಗಿಯೂ ನೋಡಲಿಲ್ಲ. ಅಕ್ಕ ಒಂದಿಷ್ಟು ದೂರ ಬಸ್ಸಿನ ಜೊತೆ ಓಡಿದಳು. ಅವ್ವ ಕಿಟಕಿಯಾಚೆ ಕೈ ಚಾಚಿದಳು.

"ಕೈ ಒಳಗ ತಗೋ ಯವ್ವಾ," ಎಂದ ಕಂಡಕ್ಟರ್.

ತಿಂಗಳು ಕಳೆದ ಮೇಲೆ ಪ್ರೊಫೆಸರರು ಬೆಳಗಿನ ಪ್ರಯಾಣಿಕರನ್ನು ಮತ್ತೆ ಎಣಿಸಿ ತರಿಸಿದರು. ಬಸ್ಸು ತುಂಬಿ ತುಳುಕುತ್ತಿತ್ತು. "ನೋಡಿದೆಯಾ, ನಿನ್ನ ಸೂತ್ರ ನಿಜವಾಯಿತು," ಎಂದು ಬೆನ್ನು ತಟ್ಟಿದರು. ಹತ್ತಲು ಬೇರೆ ಬಸ್ಸೇ ಇರಲಿಲ್ಲ.