ಅಟ್ಟದ ಮೇಲೆ ನಾನು, ಕೆಳಗೆ ಬಂದೂಕು

ಹೋದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಯಜಮಾನರು ನನ್ನ ಕಡೆ ಬಂದೂಕು ಹಿಡಿದರು.

ಗಾಬರಿಯಾಗಬೇಡಿ. ಜಗಳವೇನೂ ಆಗಿರಲಿಲ್ಲ. (ಮೂವತ್ತೊಂದು ವರ್ಷದ ಸಂಸಾರದಲ್ಲಿ ನಮ್ಮ ಜಗಳಗಳೆಲ್ಲ ಊಟ ಬಿಡುವುದರಲ್ಲೇ ಮುಗಿದಿವೆ. ಅದೂ ಒಂದು ಹೊತ್ತು.) ಅವರು ಗುರಿ ಇಟ್ಟದ್ದು ಕಳ್ಳನಿಗೆ. ಕಳ್ಳನ ಜಾಗದಲ್ಲಿ ನಾನಿದ್ದೆ, ಅಷ್ಟೆ.

ಮೊದಲಿಂದ ಹೇಳುತ್ತೇನೆ. ನಮ್ಮದು ಬಿಳಿಗೆರೆ ಹತ್ತಿರ ತೋಟದ ಮನೆ. ನಮ್ಮ ಸೀಮೆಯ ಮನೆ ಅಂದಮೇಲೆ ಮೇಲೊಂದು ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಬಿದ್ದಿರುತ್ತವೆ. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಿ, ವ್ಯಾಪಾರಿ ಬಂದು ನೋಡುವವರೆಗೂ ಯಾರೂ ಮುಟ್ಟುವ ಹಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವಳು, ಸಂವಿಧಾನಕ್ಕೇ ತಿದ್ದುಪಡಿ ಉಂಟು ಅಂತ ಮಕ್ಕಳಿಗೆ ಹೇಳಿಕೊಟ್ಟವಳು. ನಮ್ಮ ಮನೆಯ ಈ ಕಾನೂನಿಗೆ ಮಾತ್ರ ತಿದ್ದುಪಡಿ ಇಲ್ಲ.

ಆದರೆ ತುರುವೇಕೆರೆಯಲ್ಲಿರುವ ನನ್ನ ತಂಗಿಯ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತಿಗೆ ಕೊಬ್ಬರಿ ಇಲ್ಲದೆ ಆಗುತ್ತದೆಯೇ? ಅಟ್ಟದ ತುಂಬ ಕಾಯಿ ಇಟ್ಟುಕೊಂಡ ದೊಡ್ಡಮ್ಮ ಅಂಗಡಿ ಕೊಬ್ಬರಿ ತಂದಳು ಅಂತ ಬೀಗರು ಆಡಿಕೊಳ್ಳುವುದಿಲ್ಲವೇ? ಯಜಮಾನರನ್ನು ಕೇಳಿದರೆ "ಇನ್ನೆರಡ್ ತಿಂಗ್ಳು ತಡಿಯೇ" ಅನ್ನುತ್ತಾರೆ. ಬಾಣಂತನ ಎರಡು ತಿಂಗಳು ತಡೆಯುತ್ತದಾ?

ಹಾಗಾಗಿ ಒಂದು ಉಪಾಯ ಮಾಡಿದೆ. ಊಟ ಮುಗಿಸಿ "ತುರುವೇಕೆರೆಗೆ ಹೋಗಿ ಬರ್ತೀನಿ ಕಣ್ರೀ" ಅಂತ ಹೊರಟೆ. ಬಸ್ ಸ್ಟಾಪಿನವರೆಗೂ ಹೋದೆ. ಬಂದ ಬಸ್ಸನ್ನು ಬಿಟ್ಟೆ. ಅವರು ಮಧ್ಯಾಹ್ನದ ನಿದ್ದೆಗೆ ಬಿದ್ದಿರುವ ಹೊತ್ತು ನೋಡಿಕೊಂಡು ಹಿತ್ತಿಲ ಬಾಗಿಲಿಂದ ವಾಪಸ್ ಬಂದು, ಏಣಿ ಹತ್ತಿ ಅಟ್ಟ ಸೇರಿದೆ.

ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣಗಿದ್ದು ಒಳಗೆ ಲೊಡಲೊಡ ಅನ್ನುತ್ತದೆ. ಹಾಗೆ ಕೇಳಿ ಕೇಳಿ ಆರು ಕಾಯಿ ಚೀಲಕ್ಕೆ ಹಾಕಿದೆ. ಏಳನೆಯದನ್ನು ಎಳೆದೆ ನೋಡಿ, ರಾಶಿಯೇ ಜಾರಿ ಗುಡುಗುಡು ಅಂತ ಉರುಳಿತು.

"ಯಾವನ್ಲಾ ಅದು, ಅಟ್ಟದ ಮ್ಯಾಲೆ?"

ಯಜಮಾನರ ಧ್ವನಿ. ನಾನು ಉತ್ತರ ಕೊಡಲಿಲ್ಲ.

ಯಾಕೆ ಕೊಡಲಿಲ್ಲ? ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. 'ನಾನು ಕಣ್ರೀ' ಅಂತ ಎರಡು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಕೈಯಲ್ಲಿ ಚೀಲ, ಚೀಲದಲ್ಲಿ ಆರು ಕಾಯಿ, ಹೇಳಿ ಹೋದದ್ದು ತುರುವೇಕೆರೆ. ಇಲಿ ಅಂದುಕೊಂಡು ಮತ್ತೆ ಹೋಗಿ ಮಲಗುತ್ತಾರೆ ಅಂತ ಉಸಿರು ಹಿಡಿದು ಕೂತೆ.

ಅವರು ಮಲಗಲಿಲ್ಲ. ಮಲಗುವ ಪರಿಸ್ಥಿತಿಯೂ ಇರಲಿಲ್ಲ. ಅದರ ಹಿಂದಿನ ವಾರವಷ್ಟೇ ಪಕ್ಕದ ತೋಟದವರ ಅಟ್ಟವನ್ನು ಹಾಡಹಗಲೇ ಯಾರೋ ಅರ್ಧ ಖಾಲಿ ಮಾಡಿ ಹೋಗಿದ್ದರು. ಅಂದಿನಿಂದ ನಮ್ಮ ಮಾವನವರ ಕಾಲದ ಒಂಟಿ ನಳಿಗೆ ಬಂದೂಕು ಬೀರುವಿನಿಂದ ಮಂಚದ ಪಕ್ಕಕ್ಕೆ ಬಂದಿತ್ತು.

"ಮಾತಾಡ್ಲಾ! ಇಲ್ಲಾಂದ್ರೆ ಹೊಡ್ದ್‌ಬುಡ್ತೀನಿ!"

ಬಗ್ಗಿ ನೋಡಿದೆ. ಏಣಿಯ ಕಂಡಿಯಲ್ಲಿ ಮೊದಲು ಕಂಡದ್ದು ನಳಿಗೆ. ಅದರ ಹಿಂದೆ ಯಜಮಾನರ ಮುಖ. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

"ರೀ! ನಾನು ಕಣ್ರೀ, ನಾನು!"

ಕೈಯಿಂದ ಚೀಲ ಬಿತ್ತು. ಆರು ಕಾಯಿಯೂ ಅವರ ಕಾಲ ಬಳಿ ದಬದಬ ಉದುರಿದವು. ಅವರು ಕಾಯಿ ನೋಡಲಿಲ್ಲ. ಬಂದೂಕನ್ನು ಗೋಡೆಗೆ ಒರಗಿಸಿ, ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅಟ್ಟದಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಏಣಿ ಇಳಿದು ಬಂದೆ.

"ಗುಂಡು ತುಂಬಿತ್ತಾ?" ಅಂತ ಕೇಳಿದೆ. ಅವರು ಎದ್ದು ಬಂದೂಕನ್ನು ಒಳಗೆ ಒಯ್ದರು.

ಇಷ್ಟೇ ಆಗಿದ್ದರೆ ನಾವಿಬ್ಬರೂ ಸೇರಿ ಮುಚ್ಚಿಹಾಕುತ್ತಿದ್ದೆವು. ಆದರೆ ಈ ತಿಂಗಳೇ ಬಂದೂಕಿನ ಲೈಸೆನ್ಸ್ ರಿನ್ಯೂವಲ್ ಆಗಬೇಕು. ಮನೆಯ ಅರ್ಜಿಗಳನ್ನೆಲ್ಲ ತುಂಬುವವಳು ನಾನು. ಫಾರಂ ನನ್ನ ಮುಂದೆ ಬಂತು. ಬಂದೂಕು ಏತಕ್ಕೆ ಬೇಕು ಅಂತ ಕಾರಣ ಕೊಡಬೇಕು. ಹಿಂದೆಲ್ಲ ಕಣ್ಣು ಮುಚ್ಚಿಕೊಂಡು 'ಬೆಳೆ ರಕ್ಷಣೆ' ಅಂತ ಬರೆದಿದ್ದೇನೆ. ಈ ಸಲ ಪೆನ್ನು ಏಳಲಿಲ್ಲ.

ಯಾವ ಬೆಳೆ? ತೋಟಕ್ಕೆ ಕಾಡುಹಂದಿ ನುಗ್ಗಿದಾಗ, ಹಾಗೆಲ್ಲ ಹೊಡೆಯುವಂತಿಲ್ಲ, ಮೊದಲು ಅರಣ್ಯ ಇಲಾಖೆಗೆ ಬರೆದುಕೊಡಿ ಅಂತ ಠಾಣೆಯವರು ಅಂದರು. ಮರದ ಮೇಲಿದ್ದಾಗ ಬೆಳೆ ಸರಿ, ಅಟ್ಟದಲ್ಲಿ ವರ್ಷ ಕಳೆದ ಕಾಯಿಯೂ ಬೆಳೆಯಾ? ಇನ್ನು ಎಲೆಕ್ಷನ್ ಬಂದರೆ ಬಂದೂಕು ಠಾಣೆಯಲ್ಲಿ ಡೆಪಾಸಿಟ್. ನಮ್ಮಲ್ಲಿ ಎಲೆಕ್ಷನ್ನಿಗೇನು ಬರ? ಅದು ಮನೆಯಲ್ಲಿದ್ದದ್ದಕ್ಕಿಂತ ರಜೆಯಲ್ಲಿದ್ದದ್ದೇ ಜಾಸ್ತಿ.

ಯಜಮಾನರ ತಮ್ಮನ ಮಗ ಮಂಜು ಚಿಕ್ಕನಾಯಕನಹಳ್ಳಿಯಲ್ಲಿ ವಕೀಲ. ಫೋನ್ ಮಾಡಿದೆ. "ಕಳ್ಳ ಮನೆಗೆ ಬಂದ್ರೆ ಬಂದೂಕಲ್ಲಿ ಹೊಡೀಬೋದೇನಪ್ಪಾ?"

"ಸುಮ್ನೆ ಕದಿಯೋಕೆ ಬಂದೋನ್ನ ಸಾಯ್ಸೋ ಹಕ್ಕು ಯಾರಿಗೂ ಇಲ್ಲ ದೊಡ್ಡಮ್ಮ. ತಡೀಬೋದು, ಹಿಡೀಬೋದು. ಎಷ್ಟು ಬೇಕೋ ಅಷ್ಟೇ ಬಲ. ಪ್ರಾಣಕ್ಕೇ ಅಪಾಯ ಅನ್ನೋ ನ್ಯಾಯವಾದ ಭಯ ಇದ್ರೆ ಬೇರೆ ಮಾತು."

"ಭಯ ನ್ಯಾಯವಾದದ್ದು ಅಂತ ಯಾರು ಹೇಳ್ತಾರೆ?"

"ಆಮೇಲೆ ಕೋರ್ಟ್ ಹೇಳುತ್ತೆ."

"ಮುಂಚೆ?"

"ಮುಂಚೆ ನೀವೇ ತೀರ್ಮಾನ ಮಾಡ್ಕೋಬೇಕು."

ಆಮೇಲೆ ಅವನು ಇನ್ನಷ್ಟು ಹೇಳಿದ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಮನೆ ಮುರಿದು ನುಗ್ಗಿದರೆ ಕಾನೂನು ಒಂದಿಷ್ಟು ಮನೆಯವರ ಕಡೆ ವಾಲುತ್ತದಂತೆ. ಹಗಲಾದರೆ ಅಷ್ಟಿಲ್ಲವಂತೆ. ಪೊಲೀಸರನ್ನು ಕರೆಯಲು ಟೈಮ್ ಇದ್ದರೆ ಆ ಹಕ್ಕೂ ಇಲ್ಲವಂತೆ. ಕಳ್ಳ ಬೆನ್ನು ತಿರುಗಿಸಿ ಓಡಿದರೆ ಹೊಡೆಯುವ ಮಾತೇ ಎತ್ತಬಾರದಂತೆ. ನಮ್ಮ ತೋಟದಲ್ಲಿ ಸೂರ್ಯ ಐದು ಗಂಟೆಗೇ ಮರದ ಹಿಂದೆ ಹೋಗುತ್ತಾನೆ. ಕಳ್ಳನಿಗೆ 'ಇರಪ್ಪಾ, ಕ್ಯಾಲೆಂಡರಲ್ಲಿ ಸೂರ್ಯಾಸ್ತ ನೋಡಿ ಬರ್ತೀನಿ' ಅನ್ನಬೇಕೇ? (ಒಪ್ಪುತ್ತೇನೆ, ಕಾನೂನಿನ ಉದ್ದೇಶ ಒಳ್ಳೆಯದೇ. ಆರು ಕಾಯಿಗೆ ಒಂದು ಜೀವ ಅಂದರೆ ಯಾವ ನ್ಯಾಯ? ಆ ಆರು ಕಾಯಿ ಹಿಡಿದು ಕೂತವಳಾಗಿ ಇದನ್ನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ.)

ಕೊನೆಗೆ ನಿಜ ವಿಷಯ ಹೇಳಿದೆ.

"ಅವರು ಹೊಡೆದೇಬಿಟ್ಟಿದ್ರೆ?" ಅಂದೆ.

"ಗೊತ್ತಿಲ್ಲದೆ, ಕಳ್ಳ ಅಂತ ನಂಬಿ ಆದ ತಪ್ಪು ಅಂತ ವಾದ ಮಾಡ್ಬೋದು. ಆದ್ರೆ ಕಳ್ಳ ಅಂತ್ಲೇ ಇಟ್ಕೊಳ್ಳಿ. ಆ ಕಳ್ಳನ ಕೈಲಿ ಮಚ್ಚು ಇತ್ತಾ? ದೊಡ್ಡಪ್ಪನ ಮೇಲೆ ಬಿದ್ನಾ?"

"ಇಲ್ಲ. ಸುಮ್ನೆ ಕೂತಿದ್ಲು."

"ಸುಮ್ನೆ ಕೂತೋರನ್ನ ಹೊಡೆದ್ರೆ ಅದು ರಕ್ಷಣೆ ಹೆಂಗಾಗುತ್ತೆ ದೊಡ್ಡಮ್ಮ?"

"ಕೇಸು ನೀನೇ ನಡೆಸ್ತಿದ್ಯೇನೋ?"

"ಯಾರ ಕಡೆಯಿಂದ?" ಅಂದ. ತಮಾಷೆಗಲ್ಲ. ಪಾಪ, ಅವನಿಗೂ ಗೊಂದಲ.

ಯಜಮಾನರು ತಾವೇ ಠಾಣೆಗೆ ಹೋಗಿ ಕೇಳಿ ಬಂದರು. ಅಲ್ಲಿಯ ಪೊಲೀಸಪ್ಪ ಕುರ್ಚಿ ಕೊಟ್ಟು, ಮರ್ಯಾದೆಯಿಂದಲೇ ಹೇಳಿದರಂತೆ: "ಇಟ್ಕೊಳ್ಳಿ ಯಜಮಾನ್ರೇ, ಬೇಡ ಅನ್ನಲ್ಲ. ಹೊಡೀಬ್ಯಾಡಿ, ಅಷ್ಟೇಯ. ಕಳ್ಳ ಬಂದ್ರೆ ನಮಗೊಂದು ಫೋನ್ ಮಾಡಿ."

ಹೊಡೆಯಬಾರದ ಬಂದೂಕನ್ನು ಇಟ್ಟುಕೊಂಡು ಏನು ಮಾಡುವುದು? ಆಯುಧಪೂಜೆಗೆ ಕುಂಕುಮ ಇಡುವುದೇ? ಹಾಗಂತ ಕೊಟ್ಟುಬಿಡಿ ಅನ್ನಲೂ ನನಗೆ ಬಾಯಿಲ್ಲ. ಅದು ಅವರಪ್ಪನದು. ನಾಳೆ ನಿಜವಾದ ಕಳ್ಳ, ಮಚ್ಚು ಹಿಡಿದವನೇ ಬಂದರೆ? ಪೊಲೀಸ್ ಜೀಪು ನಮ್ಮ ತೋಟದ ದಾರಿ ಹುಡುಕಿಕೊಂಡು ಬರುವವರೆಗೆ ಅವನಿಗೆ ಕಾಫಿ ಕೊಟ್ಟು ಕೂರಿಸಲೇ? ಒಂದು ಗಳಿಗೆ ಇರಲಿ ಅನ್ನಿಸುತ್ತದೆ, ಮರುಗಳಿಗೆ ಬೇಡ ಅನ್ನಿಸುತ್ತದೆ. ಮೂವತ್ತು ವರ್ಷ ಹಕ್ಕು ಮತ್ತು ಕರ್ತವ್ಯ ಪಾಠ ಮಾಡಿದವಳಿಗೆ ತನ್ನ ಅಟ್ಟದ ಪಾಠವೇ ಅರ್ಥವಾಗುತ್ತಿಲ್ಲ.

ನಿನ್ನೆ ಬೆಳಗ್ಗೆ ಜಗಲಿಯಲ್ಲಿ ಕೂತು ಯಜಮಾನರು ಆರು ಕಾಯಿಯನ್ನೂ ಸುಲಿದರು. ಒಡೆದು, ಗುಂಡಗಿನ ಕೊಬ್ಬರಿ ತೆಗೆದು, ಒರೆಸಿ ಚೀಲಕ್ಕೆ ಹಾಕಿ ನನ್ನ ಮುಂದಿಟ್ಟರು. "ಬಾಣಂತಿಗೆ ತಗೊಂಡೋಗು. ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

ನನಗೆ ಅಳು ಬಂತು. ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

"ತುಂಬಿತ್ತು ಕಣೇ" ಅಂದರು ಆಮೇಲೆ, ನೆಲ ನೋಡಿಕೊಂಡು.

ಏನು ಅಂತ ನಾನು ಕೇಳಲಿಲ್ಲ. ಫಾರಂ ಎತ್ತಿಕೊಂಡು ಬಂದು ಅವರ ಪಕ್ಕ ಕೂತೆ. "ಒಂದ್ ಮಾತು ನಿಜ ಹೇಳಿ. ಅವತ್ತು ಯಾವಾಗ ಜಾಸ್ತಿ ಭಯ ಆಯ್ತು? ಮೇಲಿರೋದು ಕಳ್ಳ ಅಂದ್ಕೊಂಡಾಗಲೋ, ನಾನು ಅಂತ ಗೊತ್ತಾದಾಗಲೋ?"

"ನೀನು ಅಂತ ಗೊತ್ತಾದಾಗ."

ಈಗ ನೀವೇ ಹೇಳಿ, ಆ ಖಾಲಿ ಜಾಗದಲ್ಲಿ ಯಾರಿಂದ ರಕ್ಷಣೆ ಅಂತ ಬರೆಯಲಿ?